ಸಾಹೇಬರ ಅಣಬೆ, ನನ್ನ ಮದುವೆ

ಪ್ರವಾಸಿ ಬಂಗಲೆಯ ಗುಮಾಸ್ತನಾದವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ತಲೆಗೆ ಟೋಪಿ ಹಾಕಿಕೊಂಡು, ಕೈಯಲ್ಲಿ ಸೂಟ್‌ಕೇಸು ಹಿಡಿದು, ಬಸ್ಸಿನಿಂದ ಇಳಿದು ಬಂದು ರೂಮು ಖಾಲಿ ಇದೆಯೇ ಎಂದು ಕೇಳುತ್ತವೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಾನು ಹಳೇಬೀಡಿನ ಬಂಗಲೆಯಲ್ಲಿ ಗುಮಾಸ್ತನಾಗಿದ್ದೆ. ಮನೆ ಬೇಲೂರಿನಲ್ಲಿ, ದೇವಸ್ಥಾನದ ಬೀದಿಯಲ್ಲಿ. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಬಂದ ಅತಿಥಿಗಳಲ್ಲಿ ಒಬ್ಬರು ದೇವಸ್ಥಾನದ ಗೋಡೆಯ ಮೇಲಿನ ಆನೆಗಳನ್ನೆಲ್ಲ ಎಣಿಸಿ, ಕೊನೆಯಲ್ಲಿ ಲೆಕ್ಕ ತಪ್ಪಿತೆಂದು ಇನ್ನೊಂದು ದಿನಕ್ಕೆ ರೂಮು ಕೇಳಿದರು. ಇನ್ನೊಬ್ಬರು ಗೋಪುರವಿಲ್ಲದ ದೇವಸ್ಥಾನವನ್ನು ಸುತ್ತಿ ಬಂದು, "ಇದನ್ನು ಯಾವಾಗ ಮುಗಿಸುತ್ತೀರಿ?" ಎಂದು ನನ್ನನ್ನೇ ಕೇಳಿದರು. ಇಲಾಖೆಯಿಂದ ಇನ್ನೂ ಆರ್ಡರು ಬಂದಿಲ್ಲ ಎಂದೆ. ಅವರು ತಲೆಯಾಡಿಸಿ ಹೋದರು.

ಇಂಥವು ಎಷ್ಟೋ. ಆದರೆ ನನ್ನ ಮದುವೆಯ ಬುಡಕ್ಕೇ ಬಂದದ್ದು ಒಂದೇ. ಅದನ್ನು ತುಂಡು ತುಂಡಾಗಿ ಹೇಳುತ್ತೇನೆ. ನಡೆದದ್ದೂ ಹಾಗೆಯೇ.

ಸಾಹೇಬರ ಬಯಕೆ

ಆ ವರ್ಷ ಮುಂಗಾರಿನ ಮೊದಲ ಮಳೆ ಬೀಳುವ ಹೊತ್ತಿಗೆ ಬಂಗಲೆಯಲ್ಲಿ ಒಬ್ಬ ಇಂಗ್ಲಿಷ್ ಸಾಹೇಬರು ಇದ್ದರು. ದೇವಸ್ಥಾನದ ಗೋಡೆಗಳನ್ನು ಅಳೆದು ನಕ್ಷೆ ಬರೆಯುವುದು ಅವರ ಕೆಲಸ. ಬೇಸಿಗೆಯಿಂದ ಅಳೆಯುತ್ತಲೇ ಇದ್ದರು. ಮಾತು ಕಡಿಮೆ. ಅಡುಗೆಯ ಬಟ್ಲರ್ ಏನು ಕೊಟ್ಟರೂ ತಿಂದು "ಗುಡ್" ಎನ್ನುತ್ತಿದ್ದರು. ಬಟ್ಲರ್ ಹಿಂದೆ ಸಕಲೇಶಪುರದ ಕಡೆ ಕಾಫಿ ಪ್ಲಾಂಟರುಗಳ ಬಂಗಲೆಯಲ್ಲಿ ಪಳಗಿದ್ದವನು. ಆ ಒಂದು "ಗುಡ್" ಅವನಿಗೆ ಸಾಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಾಹೇಬರು ನಮ್ಮಿಬ್ಬರನ್ನೂ ಕರೆದು, ಬರುವ ಭಾನುವಾರ ಮಧ್ಯಾಹ್ನಕ್ಕೆ ತಮಗೊಂದು ವಿಶೇಷವಾದ ತಿನಿಸು ಬೇಕು ಎಂದರು. ಅಣಬೆಯನ್ನು ಬೆಣ್ಣೆಯಲ್ಲಿ ಹುರಿಯಬೇಕು. ಕೈತುಂಬ ಬೆಳ್ಳುಳ್ಳಿ ಹಾಕಬೇಕು. ಮೇಲೆ ಸ್ಟೌಟ್ ಎಂಬ ಕಪ್ಪು ಬಿಯರನ್ನು ಸುರಿದು, ಗೊಜ್ಜಿನ ಹದಕ್ಕೆ ಬರುವವರೆಗೆ ಕುದಿಸಬೇಕು. ಯಾಕೆ, ಏನು ವಿಶೇಷ ಎಂದು ನಾನು ಕೇಳಲಿಲ್ಲ. ಅತಿಥಿಗಳ ಊಟಕ್ಕೆ ಕಾರಣ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ಸಾಹೇಬರ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳಿದ್ದನ್ನು ಕೇಳಿ ಬಟ್ಲರ್ ನನ್ನ ಕಡೆ ತಿರುಗಿದ.

"ಕುಡಿಯೋದನ್ನ ಒಲೆ ಮೇಲಿಟ್ಟು ಇಂಗಿಸಾದಾ ಸೋಮಿ? ಕೇಳಿ ದೊರೇನ. ಹುಷಾರಾಗವ್ರಾ?"

"ಏನಂತೆ?" ಎಂದರು ಸಾಹೇಬರು.

"ಎಷ್ಟು ಹೊತ್ತು ಕುದಿಸಬೇಕು ಅಂತ ಕೇಳುತ್ತಿದ್ದಾನೆ" ಎಂದೆ.

ಇಲ್ಲಿ ನನ್ನ ಮದುವೆಯ ವಿಷಯವನ್ನೂ ಹೇಳಿಬಿಡಬೇಕು. ಹಾರನಹಳ್ಳಿಯ ಹೆಡ್ಮಾಸ್ತರರೊಬ್ಬರ ಮಗಳ ಜಾತಕ ಕೂಡಿಬಂದಿತ್ತು. ಹುಡುಗಿ ನೋಡುವ ಶಾಸ್ತ್ರ ಮುಗಿದಿತ್ತು. ಲಗ್ನ ಗೊತ್ತುಮಾಡುವುದೊಂದೇ ಬಾಕಿ. ನೋಡಲು ಹೋದ ದಿನ ನನಗೆ ಕೊಟ್ಟ ಕಾಫಿಗೆ ಸಕ್ಕರೆ ಬಿದ್ದಿರಲಿಲ್ಲ. ನಾನು ಮಾತಾಡದೆ ಕುಡಿದೆ. ಲೋಟ ತೆಗೆದುಕೊಳ್ಳಲು ಬಂದ ಹುಡುಗಿ ಮೆಲ್ಲಗೆ, "ಸಕ್ಕರೆ ಮರೆತಿದ್ದೆ. ಹೇಳಬಾರದಿತ್ತಾ?" ಎಂದಳು. ಅಷ್ಟೇ ನಡೆದ ಮಾತು. ಮನೆಯವರೆಲ್ಲ ಹುಡುಗಿ ಒಪ್ಪಿಗೆ ಎಂದರು. ನನಗೆ ಬರಿ ಒಪ್ಪಿಗೆಯಲ್ಲ, ಇಷ್ಟವಾಗಿದ್ದಳು. ಈ ಸಂಬಂಧ ತಪ್ಪಿದರೆ ನನಗೆ ಬೇರೊಂದು ಬೇಡವಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ; ನಮ್ಮ ಮನೆಯಲ್ಲಿ ಅಂಥದ್ದನ್ನು ಹುಡುಗಿಯರೂ ಹೇಳುತ್ತಿರಲಿಲ್ಲ, ಗಂಡುಮಕ್ಕಳೂ ಹೇಳುತ್ತಿರಲಿಲ್ಲ, ಏನಿದ್ದರೂ ಪುರೋಹಿತರು ಹೇಳುತ್ತಿದ್ದರು.

ಅರ್ಧ ಸೇರು ಬೆಳ್ಳುಳ್ಳಿ

ಹಳೇಬೀಡಿನ ಸಂತೆ ಆಗಿಹೋಗಿತ್ತು. "ಬೇಲೂರಿಂದ ಬರೋವಾಗ ಅರ್ಧ ಸೇರು ಬೆಳ್ಳುಳ್ಳಿ ತನ್ನಿ ಸೋಮಿ" ಎಂದು ಬಟ್ಲರ್ ಹೇಳಿದ. ಮರುದಿನ ಬಸ್ಸಿಗೆ ಮುಂಚೆ ನಮ್ಮ ಬೀದಿಯ ತಿರುವಿನಲ್ಲಿದ್ದ ಶೆಟ್ಟರ ಅಂಗಡಿಗೆ ಹೋಗಿ ಕೇಳಿದೆ. ಶೆಟ್ಟರು ತಕ್ಕಡಿಗೆ ಕೈಹಾಕಿದವರು ಹಾಗೆಯೇ ನಿಂತರು.

ಅವರು ನಿಂತದ್ದಕ್ಕೆ ಕಾರಣವಿತ್ತು. ನಮ್ಮ ಬೀದಿಯ ಮನೆಗಳಲ್ಲಿ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ಅಣಬೆಯ ಮಾತಂತೂ ಎತ್ತುವಂತಿಲ್ಲ. ಆದರೆ ಮನೆಯಲ್ಲಿ ಹೆರಿಗೆಯಾದರೆ ಬಾಣಂತಿಗೆ ಬೆಳ್ಳುಳ್ಳಿ ಬೇಕೇ ಬೇಕು. ತುಪ್ಪದಲ್ಲಿ ಹುರಿದು ಅನ್ನದ ಮೊದಲ ತುತ್ತಿಗೆ ಕೊಡುತ್ತಾರೆ. ಅದು ಔಷಧಿಯ ಲೆಕ್ಕ, ಅಡುಗೆಯ ಲೆಕ್ಕವಲ್ಲ. ಹಾಗಾಗಿ ನಮ್ಮ ಬೀದಿಯವರು ಬೆಳ್ಳುಳ್ಳಿ ಕೇಳಿದರೆಂದರೆ ಶೆಟ್ಟರಿಗೆ ಅರ್ಥ ಒಂದೇ. ಇದು ನನಗೂ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ.

ಶೆಟ್ಟರು ದನಿ ತಗ್ಗಿಸಿ, "ಹೆರಿಗೆ ಸುಸೂತ್ರವಾಯ್ತಾ ಸ್ವಾಮಿ?" ಎಂದರು.

"ಅಯ್ಯೋ, ನಮ್ಮ ಮನೆಗಲ್ಲ ಶೆಟ್ಟರೆ. ಹಳೇಬೀಡಿಗೆ ತಗೊಂಡು ಹೋಗ್ತಿದೀನಿ."

"ಹಳೇಬೀಡಿನಲ್ಲಿ ಇಟ್ಟಿದೀರಾ?"

"ಬಂಗಲೆಯಲ್ಲಿ" ಎಂದೆ. ನಾನು ಹೇಳಿದ್ದು ಅತಿಥಿಯ ವಿಷಯ. ಶೆಟ್ಟರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನನಗೆ ಮದುವೆಯಾಗಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಏನೂ ಕೇಳಲಿಲ್ಲ. ಬೆಳ್ಳುಳ್ಳಿಯ ಜತೆಗೆ ಒಂದು ಪೊಟ್ಟಣ ಓಮವನ್ನೂ ಕಟ್ಟಿ, "ಇದು ನನ್ನ ಕಡೆಯಿಂದ. ವಾಯು ಆಗಲ್ಲ" ಎಂದು ಕೈಗಿಟ್ಟರು. ಬಸ್ಸು ಹೊರಡುವ ಹೊತ್ತಾಗಿತ್ತು. ತೆಗೆದುಕೊಂಡು ಓಡಿದೆ.

ಸಂಜೆ ಮನೆಗೆ ಬಂದಾಗ ಅಮ್ಮ ಹೂವು ಕಟ್ಟುತ್ತ ಕೂತಿದ್ದಳು.

"ಏನೋ, ನಮ್ಮ ಬೀದೀಲಿ ಯಾರಿಗೋ ಹೆರಿಗೆ ಆಗಿದೆಯಂತೆ. ಬೆಳಗ್ಗಿಂದ ನಾಲ್ಕು ಮನೆ ವಿಚಾರಿಸ್ದೆ. ಯಾರೂ ಬಾಯಿ ಬಿಡ್ತಿಲ್ಲ, ನನ್ನ ಮುಖ ನೋಡಿ ನಗ್ತಾರೆ. ನಿನಗೇನಾದ್ರೂ ಗೊತ್ತಾ?"

ಕಪ್ಪು ಟಾನಿಕ್ಕು

ಆಗ ನಮ್ಮ ಕಡೆ ಪಾನನಿರೋಧ. ಪರದೇಶದವರಿಗೆ ಮಾತ್ರ ಪರ್ಮಿಟ್ಟು. ಸಾಹೇಬರ ಸ್ಟೌಟ್ ಬೆಂಗಳೂರಿನಿಂದ ರೈಲಿನಲ್ಲಿ ಅರಸೀಕೆರೆಗೆ ಬಂದಿತ್ತು. ಪರ್ಮಿಟ್ಟಿನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಪಾರ್ಸೆಲ್ ಬಿಡಿಸಿಕೊಂಡೆ. ಹುಲ್ಲು ತುಂಬಿದ ಬುಟ್ಟಿಯಲ್ಲಿ ಬಾಟಲಿಗಳು. ಬುಟ್ಟಿಯನ್ನು ಕಾಲಸಂದಿಯಲ್ಲಿಟ್ಟುಕೊಂಡು ಹಾಸನದ ಬಸ್ಸಿನಲ್ಲಿ ಕೂತೆ.

ಪಕ್ಕದಲ್ಲಿ ಬಂದು ಕೂತವರು ಹಾರನಹಳ್ಳಿಯ ಕಾಂಪೌಂಡರು. ಹುಡುಗಿ ನೋಡಲು ಹೋದಾಗ ಹೆಡ್ಮಾಸ್ತರರ ಮನೆಯಲ್ಲಿ ಇವರೂ ಉಪ್ಪಿಟ್ಟು ತಿಂದಿದ್ದರು, ಎದುರು ಮನೆಯವರು. ನನ್ನನ್ನು ಕಂಡು ಬಹಳ ಸಂತೋಷಪಟ್ಟರು. ರಸ್ತೆ ಕೆಟ್ಟಿತ್ತು. ಬಸ್ಸು ಒಂದು ಗುಂಡಿಗೆ ಬಿದ್ದು ಎದ್ದಾಗ ಬುಟ್ಟಿಯೊಳಗಿನಿಂದ ಢಪ್ ಎಂದಿತು. ಒಂದು ಬಾಟಲಿಯ ಬಿರಡೆ ಹಾರಿ, ಕಂದು ನೊರೆ ಬುಟ್ಟಿಯ ಹುಲ್ಲಿನ ಸಂದಿಯಿಂದ ಉಕ್ಕಿ ಕಾಂಪೌಂಡರ ಪಂಚೆಯ ಮೇಲೆ ಹರಿಯಿತು.

ಬಸ್ಸಿನವರೆಲ್ಲ ತಿರುಗಿ ನೋಡಿದರು. ಮಡಿವಂತರ ಮನೆಯ ಹುಡುಗ, ಹಣೆಯಲ್ಲಿ ನಾಮ, ಕಾಲಸಂದಿಯಲ್ಲಿ ಬಿಯರು. ಜೇಬಿನ ಪರ್ಮಿಟ್ಟು ಪೋಲೀಸಿನವರಿಗೆ ಸಮಾಧಾನ ಹೇಳೀತು, ಮಾವನಾಗುವವರ ಎದುರು ಮನೆಯವರಿಗೆ ಹೇಳುವುದಿಲ್ಲ.

ಕಾಂಪೌಂಡರು ಪಂಚೆಯನ್ನು ಎತ್ತಿ ಮೂಸಿದರು. ಅವರ ಮುಖ ಅರಳಿತು.

"ಟಾನಿಕ್ಕಲ್ಲವೇನ್ರೀ ಇದು? ಹಿಂದೆ ನಮ್ಮ ಡಾಕ್ಟರು ಬರೆದುಕೊಡ್ತಿದ್ರು. ರಕ್ತ ಕಡಿಮೆ ಇರೋ ಬಾಣಂತಿಯರಿಗೆ ಬೆಳಿಗ್ಗೆ ಒಂದು ಔನ್ಸು, ಸಂಜೆ ಒಂದು ಔನ್ಸು. ಎಂಥ ಗುಣ ಅಂತೀರಿ."

"ಹೌದು, ಟಾನಿಕ್ಕೇ" ಎಂದೆ. ಬಸ್ಸಿನವರು ಮುಂದಕ್ಕೆ ತಿರುಗಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

"ಯಾರಿಗ್ರೀ?"

"ಹಳೇಬೀಡಿನಲ್ಲಿ, ಬಂಗಲೆಯಲ್ಲಿ ಒಬ್ಬರಿಗೆ."

ಅವರು ಪಂಚೆ ಸರಿಮಾಡಿಕೊಂಡು ಸ್ವಲ್ಪ ಆಚೆ ಸರಿದು ಕೂತರು. ಹಾರನಹಳ್ಳಿ ಬಂತು. ಇಳಿಯುವ ಮುಂಚೆ ವೃತ್ತಿಧರ್ಮಕ್ಕೆ ಕಟ್ಟುಬಿದ್ದವರಂತೆ ಒಂದು ಮಾತು ಹೇಳಿದರು: "ಬೆಳ್ಳುಳ್ಳಿ ಜತೆಗೆ ಕೊಡಿ. ಬೇಗ ಮೈಗೆ ಹತ್ತುತ್ತೆ."

"ಜತೆಗೇ ಕೊಡೋದು. ಬೆಳ್ಳುಳ್ಳಿ ಆಗಲೇ ತಂದಿಟ್ಟಿದೀನಿ" ಎಂದೆ.

ಆ ದಿನ ಬಸ್ಸಿನಲ್ಲಿ ನನಗೆ ಬಂದ ಒಂದೇ ಸಮಾಧಾನವೆಂದರೆ, ಅಷ್ಟು ಕಷ್ಟದಲ್ಲೂ ಹೆಚ್ಚುಕಡಿಮೆ ನಿಜವನ್ನೇ ಹೇಳಿದೆನಲ್ಲ ಎಂಬುದು.

ಅಣಬೆಯ ಪರೀಕ್ಷೆ

ಅಣಬೆ ತಂದವನು ಹಗರೆ ಕಡೆಯ ಒಬ್ಬ ಮುದುಕ. ಮುತ್ತುಗದ ಎಲೆಯಲ್ಲಿ ಸುತ್ತಿ ತಂದಿದ್ದ. ಎಲ್ಲಿ ಸಿಕ್ಕಿತು ಎಂದು ಸಾಹೇಬರು ನನ್ನಿಂದ ಕೇಳಿಸಿದರು. ಅಣಬೆ ಏಳುವ ಹುತ್ತದ ಜಾಗವನ್ನು ನಮ್ಮ ಕಡೆ ಹೆಂಡತಿಗೂ ಹೇಳುವುದಿಲ್ಲ. ಮುದುಕ ಆಕಾಶದ ಕಡೆ ಕೈ ತೋರಿಸಿ, "ಗುಡುಗು ಬಂದಿತ್ತಲ್ಲ ಬುದ್ದಿ, ಅದ್ರಿಂದ" ಎಂದ. ಸಾಹೇಬರು ಬಹಳ ಹೊತ್ತು ಆಕಾಶ ನೋಡಿದರು.

ಭಾನುವಾರ ಎಡವಟ್ಟಾಗಬಾರದೆಂದು ಬಟ್ಲರ್ ಶನಿವಾರವೇ ಒಂದು ಸಲ ಮಾಡಿ ನೋಡುತ್ತೇನೆಂದ. ಬೆಣ್ಣೆ ಕರಗಿತು, ಅಣಬೆ ಬಿತ್ತು, ಬೆಳ್ಳುಳ್ಳಿ ಬಿತ್ತು. ವಾಸನೆಗೆ ನಾನು ಮೂಗಿಗೆ ಪಂಚೆಯ ತುದಿ ಹಿಡಿದು ವರಾಂಡದಲ್ಲಿ ನಿಂತೆ. ಆಮೇಲೆ ಸ್ಟೌಟ್ ಸುರಿದ ಸದ್ದು ಕೇಳಿತು. ಅದರ ಹಿಂದೆಯೇ ಬಟ್ಲರ್ ಕೂಗಿಕೊಂಡ. ಬಾಣಲೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಓಡಿ, ಇದ್ದದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದು, ಮೇಲೆ ಮಣ್ಣು ಎಳೆದ.

"ಏನಾಯ್ತೋ?"

"ವಿಷ ಸೋಮಿ, ವಿಷದ ಅಣಬೆ. ಬೆಳ್ಳುಳ್ಳಿ ಕಪ್ಪಗಾಗೋಯ್ತು."

ಅವರ ಕಡೆ ಅಣಬೆ ಬೇಯಿಸುವಾಗ ಒಂದೆರಡು ಎಸಳು ಬೆಳ್ಳುಳ್ಳಿ ಹಾಕಿ ನೋಡುತ್ತಾರಂತೆ. ಬೆಳ್ಳಗಿದ್ದರೆ ತಿನ್ನಬಹುದು, ಕಪ್ಪಾದರೆ ವಿಷ. ಇದು ಅವನು ತಾಯಿಯಿಂದ ಕಲಿತದ್ದು. ಕಪ್ಪು ಬಿಯರಿನಲ್ಲಿ ಬೆಳ್ಳುಳ್ಳಿ ಒಂದೇ ಅಲ್ಲ, ಅಣಬೆಯೂ ಕಪ್ಪು, ಸೌಟೂ ಕಪ್ಪು. ಇದನ್ನು ನಾನು ಹೇಳಿ ಮುಗಿಸುವ ಹೊತ್ತಿಗೆ ಗುಂಡಿಯನ್ನು ಮುಚ್ಚಿ ಆಗಿತ್ತು.

ಸಾಹೇಬರು ಬಂದು ಗುಂಡಿಯ ಪಕ್ಕದಲ್ಲಿ ನಿಂತರು. ಟೋಪಿಯನ್ನು ಕೈಯಲ್ಲಿ ಹಿಡಿದಿದ್ದರು.

"ದೊರೆಗೆ ಹೇಳಿ ಸೋಮಿ, ನಾನು ಈ ಬಂಗ್ಲೇಲಿ ಇರೋಗಂಟ ಅವ್ರಿಗೆ ಸಾವಿಲ್ಲ ಅಂತ" ಎಂದ ಬಟ್ಲರ್. ಹೇಳಿದೆ. ಸಾಹೇಬರು ಟೋಪಿಯನ್ನು ಮತ್ತೆ ತಲೆಗಿಟ್ಟು, "ಗುಡ್" ಎಂದರು.

ಭಾನುವಾರಕ್ಕೆ ಮುದುಕ ಮತ್ತೆ ಅಣಬೆ ತರುವುದೆಂದೂ, ಬಟ್ಲರ್ ಅದನ್ನು ಮೊದಲು ಬರಿ ನೀರಿನಲ್ಲಿ ಬೆಳ್ಳುಳ್ಳಿಯ ಜತೆ ಬೇಯಿಸಿ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುವುದೆಂದೂ ತೀರ್ಮಾನವಾಯಿತು. ಆದರೆ ಬೆಳ್ಳುಳ್ಳಿಯೆಲ್ಲ ಗುಂಡಿ ಸೇರಿತ್ತು. ಸಂಜೆ ಬೇಲೂರಿಗೆ ಬಂದವನು ಮತ್ತೆ ಶೆಟ್ಟರ ಅಂಗಡಿಯ ಮುಂದೆ ನಿಂತು, ಇನ್ನೂ ಅರ್ಧ ಸೇರು ಬೇಕಾಗಿದೆ ಎಂದೆ.

ಶೆಟ್ಟರು ತಕ್ಕಡಿಯನ್ನು ಕೆಳಗಿಟ್ಟರು.

"ಅವಳಿಯಾ ಸ್ವಾಮಿ?"

ಅಜ್ಜಿಯ ವಿಚಾರಣೆ

ಭಾನುವಾರ ಬೆಳಿಗ್ಗೆ ಬಂಗಲೆಯ ಮುಂದೆ ಇಬ್ಬರು ಬಂದು ನಿಂತರು. ಒಬ್ಬರು ಹಾರನಹಳ್ಳಿಯ ಹೆಡ್ಮಾಸ್ತರರು, ಹೆಗಲ ಮೇಲೆ ಶಾಲು. ಇನ್ನೊಬ್ಬರು ಅವರ ತಾಯಿ. ಈ ಅಜ್ಜಿಯನ್ನು ಹುಡುಗಿ ನೋಡುವ ದಿನ ಕಂಡಿದ್ದೆ. ಆ ಊರಿನ ಎಳೆಗೂಸುಗಳಿಗೆಲ್ಲ ಇವರದೇ ಕೈಯ ಸ್ನಾನದ ನೀರು, ಬಾಣಂತಿಯರಿಗೆಲ್ಲ ಇವರದೇ ಪಥ್ಯ. ಮನೆಯಲ್ಲಿ ಇವರ ಮಾತಿನ ಮೇಲೆ ಮಾತಿಲ್ಲ.

"ನೋಡ್ರೀ," ಎಂದರು ಹೆಡ್ಮಾಸ್ತರರು, ಕೂತುಕೊಳ್ಳಿ ಎಂದರೂ ಕೂರದೆ. "ನಿಮ್ಮ ಊರಿಂದ ಒಂದು ಸುದ್ದಿ ಬಂತು. ನಮ್ಮ ಎದುರು ಮನೆಯಿಂದ ಒಂದು ಸುದ್ದಿ ಬಂತು. ಎರಡೂ ತಾಳೆಯಾಗ್ತಿವೆ. ಬಾಣಂತಿ ಎಲ್ಲಿದಾಳೆ? ಸತ್ಯ ಹೇಳಿಬಿಡಿ. ನಮ್ಮ ಹುಡುಗಿಗೆ ಬೇರೆ ಕಡೆ ನೋಡ್ಕೋತೀವಿ. ಅವಳು ಎರಡು ದಿನದಿಂದ ಊಟ ಬಿಟ್ಟು ಕೂತಿದಾಳೆ."

ಆ ಕೊನೆಯ ಮಾತು ಕೇಳಿದವನೇ ಕೈಜೋಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೆಳ್ಳುಳ್ಳಿ ಸಾಹೇಬರ ಅಣಬೆಗೆ. ಬಾಟಲಿಯೂ ಅದಕ್ಕೇ. ಅಣಬೆಯನ್ನು ಅದರಲ್ಲಿ ಹಾಕಿ ಕುದಿಸಿ ತಿನ್ನುತ್ತಾರೆ.

ಹೆಡ್ಮಾಸ್ತರರು ಪೂರ್ತಿ ಕೇಳಿಸಿಕೊಂಡರು.

"ಮೂವತ್ತು ವರ್ಷದಿಂದ ಮೇಷ್ಟ್ರಾಗಿದೀನಿ. ಮನೆಲೆಕ್ಕ ಮಾಡದೆ ಬಂದ ಮೂರನೇ ಕ್ಲಾಸಿನ ಹುಡುಗರೂ ಇದಕ್ಕಿಂತ ನಂಬೋ ಹಾಗೆ ಸುಳ್ಳು ಹೇಳ್ತಾರೆ."

ಅಷ್ಟು ಹೊತ್ತಿಗೆ ಒಳಗೆ ಬೆಣ್ಣೆಗೆ ಬೆಳ್ಳುಳ್ಳಿ ಬಿತ್ತು. ವಾಸನೆ ವರಾಂಡಕ್ಕೆ ಬಂತು. ಅಜ್ಜಿ ವಾಸನೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲವರೆಗೆ ಹೋದರು. ಹೊಸಲು ದಾಟಲಿಲ್ಲ. ಅಲ್ಲಿಯೇ ನಿಂತು ಕಣ್ಣಿಟ್ಟು ನೋಡಿದರು. ಬೆಳ್ಳುಳ್ಳಿ ಕೆಂಪಗಾಗುತ್ತಿತ್ತು. ಬಟ್ಲರ್ ಬಾಟಲಿ ಬಗ್ಗಿಸಿದ. ಕಪ್ಪು ನೊರೆ ಎದ್ದು ಇಳಿಯಿತು.

"ಉರಿ ಸಣ್ಣಗೆ ಮಾಡಪ್ಪಾ, ಸೀದುಹೋಗತ್ತೆ" ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದರು. "ಇದು ಬಾಣಂತಿಯದೇ. ನನಗೆ ಗೊತ್ತಾಗಲ್ವಾ?"

ಗದ್ದಲ ಕೇಳಿ ಸಾಹೇಬರು ರೂಮಿನಿಂದ ಹೊರಗೆ ಬಂದರು. ಅಂದು ತಲೆ ಬಾಚಿ, ಟೈ ಕಟ್ಟಿದ್ದರು. ಅಜ್ಜಿ ಬೆರಳು ತೋರಿಸಿ, "ಇವನು ತಿನ್ನೋದು ಅಂತೀಯಲ್ಲ, ಇವನನ್ನೇ ಕೇಳು. ಹೆತ್ತಿರೋದು ಯಾರು?" ಎಂದರು.

"ಅಮ್ಮಾ, ಅದನ್ನ ಹೇಗೆ ಕೇಳೋದು?" ಎಂದೆ.

"ಬಾಯಲ್ಲಿ ಕೇಳು."

ಬೇರೆ ದಾರಿಯಿರಲಿಲ್ಲ. ನೆಲ ನೋಡಿಕೊಂಡು ಸಾಹೇಬರಿಗೆ ಹೇಳಿದೆ: ಈ ಹಿರಿಯರು ತಮ್ಮ ಊಟದ ವಾಸನೆ ನೋಡಿ, ಹೆರಿಗೆಯಾಗಿರುವುದು ಯಾರಿಗೆ ಎಂದು ಕೇಳುತ್ತಿದ್ದಾರೆ, ದಯವಿಟ್ಟು ಕ್ಷಮಿಸಬೇಕು.

ಸಾಹೇಬರ ಮುಖ ಕಿವಿಯವರೆಗೂ ಕೆಂಪಾಯಿತು. ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು.

"ಇವರಿಗೆ ಹೇಗೆ ಗೊತ್ತಾಯಿತು?" ಎಂದರು.

ಆಮೇಲೆ ಬೇಸಿಗೆಯಿಂದ ಆಡದಿದ್ದ ಮಾತನ್ನೆಲ್ಲ ಒಟ್ಟಿಗೇ ಆಡಿದರು. ಇಂಗ್ಲೆಂಡಿನಲ್ಲಿ ಅವರ ಹೆಂಡತಿಗೆ ಹೋದ ತಿಂಗಳು ಹೆಣ್ಣುಮಗು ಹುಟ್ಟಿದೆ. ಹೋಗಲು ಆಗಲಿಲ್ಲ. ಈ ಭಾನುವಾರವೇ ಮಗುವಿಗೆ ಅಲ್ಲಿ ಹೆಸರಿಡುತ್ತಾರೆ. ಮನೆಯಲ್ಲಿ ಏನಾದರೂ ಒಳ್ಳೆಯದಾದರೆ ಹೆಂಡತಿ ಮಾಡುವ ತಿನಿಸು ಇದು. ಅಲ್ಲಿ ಅವರೆಲ್ಲ ಸೇರಿ ಊಟ ಮಾಡುವಾಗ ಇಲ್ಲಿ ತಾವೊಬ್ಬರೇ ಕೂತು ಇದನ್ನಾದರೂ ತಿನ್ನೋಣ ಎನ್ನಿಸಿತಂತೆ. ಹೇಳುತ್ತ ಹೇಳುತ್ತ ಸರಿಯಾಗಿಯೇ ಇದ್ದ ಟೈಯನ್ನು ಮತ್ತೆ ಸರಿಮಾಡಿಕೊಂಡರು. ನನಗೂ ಒಂದು ಕ್ಷಣ ನನ್ನ ಸಂಕಟ ಮರೆತುಹೋಯಿತು.

ನಾನು ಕನ್ನಡದಲ್ಲಿ ಹೇಳಿದೆ. ಹೆಡ್ಮಾಸ್ತರರು ಕುರ್ಚಿಯ ಮೇಲೆ ಕೂತರು. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಾನು ಹೇಳಲಿಲ್ವಾ ಬಾಣಂತಿ ಇದಾಳೆ ಅಂತ? ಊರು ಸ್ವಲ್ಪ ದೂರ ಆಯ್ತು, ಅಷ್ಟೆ" ಎಂದರು. ಆಮೇಲೆ ಸಾಹೇಬರನ್ನು ದಿಟ್ಟಿಸಿ ನೋಡಿದರು. "ಹೆತ್ತೋಳು ಅಲ್ಲಿ, ಪಥ್ಯ ಮಾಡೋನು ಇಲ್ಲಿ. ಮಾಡೋದಾದ್ರೆ ಸರಿಯಾಗಿ ಮಾಡಬೇಕು. ಗಾಳಿಗೆ ಹೀಗೆ ಕಿವಿ ಬಿಟ್ಕೊಂಡು ನಿಂತಿದಾನಲ್ಲ. ಯಾರೂ ಹೇಳೋರಿಲ್ವಾ?"

ಎಂದವರೇ ಮಗನ ಹೆಗಲಿನ ಶಾಲು ಎಳೆದು ನನ್ನ ಕೈಗೆ ಕೊಟ್ಟು, ಸಾಹೇಬರ ತಲೆಗೆ ಕಟ್ಟಲು ಹೇಳಿದರು. ಕಿವಿ ಮುಚ್ಚಿ, ಗಲ್ಲದ ಕೆಳಗೆ ಗಂಟು ಬರಬೇಕು. ಕಟ್ಟಿದೆ. ತಮಗೆ ಸನ್ಮಾನವಾಗುತ್ತಿದೆ ಎಂದುಕೊಂಡ ಸಾಹೇಬರು ತಲೆ ಬಗ್ಗಿಸಿ ಕಟ್ಟಿಸಿಕೊಂಡು, ಎಲ್ಲರಿಗೂ ಕೈಮುಗಿದರು. ಹಾಗೆಯೇ ಮೇಜಿನ ಮುಂದೆ ಕೂತು, ಬಟ್ಲರ್ ತಂದಿಟ್ಟ ಅಣಬೆಯನ್ನು ತಟ್ಟೆಯಲ್ಲಿ ಒಂದು ಹನಿ ಉಳಿಯದಂತೆ ತಿಂದರು. "ಗುಡ್" ಎನ್ನಲಿಲ್ಲ. ಎದ್ದು ಹೋಗಿ ಬಟ್ಲರನ ಕೈ ಕುಲುಕಿದರು. ಬಟ್ಲರ್ ಆ ಕೈಯನ್ನು ಮಧ್ಯಾಹ್ನವೆಲ್ಲ ಬೇರೆ ಕೆಲಸಕ್ಕೆ ಹಚ್ಚಲಿಲ್ಲ.

ಅಜ್ಜಿ ಸಾಹೇಬರಿಗೆ ತಣ್ಣೀರು ಮುಟ್ಟಬಾರದು, ಮೊಸರು ತಿನ್ನಬಾರದು ಎಂದೆಲ್ಲ ಹೇಳಿಸಿ ಮುಗಿಸುವವರೆಗೂ ಹೆಡ್ಮಾಸ್ತರರು ಕಾದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

"ಅಮ್ಮಾ, ಹಾಗಾದ್ರೆ ನಮ್ಮ ಸಂಬಂಧದ ವಿಷಯ?" ಎಂದರು ಹೆಡ್ಮಾಸ್ತರರು.

"ಏನು ವಿಷಯ? ಯಾರೋ ಸಮುದ್ರದಾಚೆ ಹೆತ್ತಿದ್ದಕ್ಕೆ ಈ ಹುಡುಗ ಇಲ್ಲಿ ಅಂಗಡಿ ಅಂಗಡಿ ಸುತ್ತಿ ಬೆಳ್ಳುಳ್ಳಿ ತಂದಿದಾನೆ. ಅರಸೀಕೆರೆ ತನಕ ಹೋಗಿ ಟಾನಿಕ್ಕು ಹೊತ್ತು ತಂದಿದಾನೆ. ಊರೆಲ್ಲ ಆಡಿಕೊಂಡ್ರೂ ಬಿಟ್ಟಿಲ್ಲ. ಕೈಹಿಡಿದೋಳಿಗೆ ಮಾಡದೆ ಇರ್ತಾನಾ? ಇಂಥ ಗಂಡು ಎಲ್ಲಿ ಹುಡುಕ್ತೀಯ? ಹೋಗಿ ಲಗ್ನ ಇಡಿಸು."

ನಾನು ಅಲ್ಲಿಯೇ ಬಗ್ಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಮಗನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳಿದರು:

"ಬೆಳ್ಳುಳ್ಳಿ ಸರಿ ಕಣಪ್ಪಾ. ಆ ಕಪ್ಪು ಟಾನಿಕ್ಕೂ ನಡೆಯತ್ತೆ, ದೇಹಕ್ಕೆ ಒಳ್ಳೇದು. ಆದ್ರೆ ನಮ್ಮ ಹುಡುಗಿ ಹೆತ್ತಾಗ ಆ ಅಣಬೆ ಮಾತ್ರ ಬೇಡ. ನಾವು ಮಡಿವಂತರು."